ಹೊಸ್ತಿಲವರೆಗಿನ ಕಾಲು

ದೀಪಾವಳಿ ಬಂತೆಂದರೆ ಬೇರೆ ಕಂಪನಿಗಳು ನೌಕರರಿಗೆ ಸಿಹಿಯ ಡಬ್ಬಿ ಕೊಡುತ್ತವೆ, ತೀರಾ ಕೈ ಬಿಚ್ಚಿದರೆ ಒಂದು ಗೋಡೆ ಗಡಿಯಾರ. ಸಮಪಾದ ಕಂಪನಿ ಫರಸಿ ಕೊಡುತ್ತಿತ್ತು. ಶಹಾಬಾದಿನ ಕಲ್ಲಿನ ಫರಸಿ ಅಂದುಕೊಂಡೀರಿ ಮತ್ತೆ. ಇದು ನೆಲಕ್ಕೆ ಹಾಸುವ, ಬೂದು ಬಣ್ಣದ, ಮೊಳದಗಲದ, ಮುಟ್ಟಿದರೆ ತುಸು ಬೆಚ್ಚಗಿರುವ ಹಲಗೆ. ಒಳಗೆ ತಾಮ್ರದ ಸುರುಳಿ, ಅದರ ಪಕ್ಕದಲ್ಲಿ ಉಗುರಿನಷ್ಟು ಮಿದುಳು. ಕಂಪನಿಯ ವ್ಯಾನು ಹುಬ್ಬಳ್ಳಿಯ ಹೂಗಾರ ಓಣಿಗೆ ಬಂದು ದಾಕ್ಷಾಯಣಿಯ ಮನೆ ಮುಂದೆ ನಿಂತಾಗ, ಕಟ್ಟೆಯ ಮೇಲೆ ಹೂ ಕಟ್ಟುತ್ತ ಕುಳಿತಿದ್ದ ಹೆಂಗಸರೆಲ್ಲ ನಾರನ್ನು ಹಲ್ಲಲ್ಲಿ ಕಚ್ಚಿಕೊಂಡೇ ತಿರುಗಿ ನೋಡಿದರು.

ಒಳಗೆ ಗಂಡ ಹೆಂಡಿರಿಗೆ ಜಗಳ ಹತ್ತಿತ್ತು. ಹೊಸ ಫರಸಿ ಎಲ್ಲಿ ಹಾಕಬೇಕು ಎಂಬುದೇ ಜಗಳ.

"ಈ ಸಲ ತಿರುವಿಗೆ ಹಾಕಸೂಣು," ಎಂದ ಮಲ್ಲೇಶಿ. ಅವನು ಟೆಂಪೋ ಓಡಿಸುವವನು, ತಿರುವಿನ ಬೆಲೆ ಅವನಿಗೆ ಗೊತ್ತು. "ಎಷ್ಟಂತ ಹಿಂದ್ಹಿಂದಕ್ಕ ನಡೀತಿ? ನೋಡಿದೋರು ನಗತಾರ."

"ನಗಲಿ ಬಿಡ್ರಿ. ಹೊಸ್ತಿಲಕ್ಕ ಹಾಕಸ್ರಿ. ನನಗ ಬಾಗಲಾ ಮುಟ್ಟಬೇಕು."

"ಬಾಗಲದಾಗ ನಿಂತು ಏನ ಮಾಡತಿ?"

"ನಿಂದರತೇನಿ," ಎಂದಳು ದಾಕ್ಷಾಯಣಿ.

 ಫರಸಿ ಹೊಸ್ತಿಲಿಗೆ ಬಿತ್ತು.

ದಾಕ್ಷಾಯಣಿಗೆ ಹುಟ್ಟಿದಾಗಿನಿಂದ ಸೊಂಟದ ಕೆಳಗೆ ಬಲವಿಲ್ಲ. ಹಾಗಂತ ಮೂಲೆ ಹಿಡಿದು ಕೂತವಳೂ ಅಲ್ಲ. ಮೂಲೆಯಂಗಡಿಯ ಸಮಗಾರ ಫಕೀರಪ್ಪ ಹಳೆಯ ಟೈರು ಕತ್ತರಿಸಿ ಮಾಡಿಕೊಟ್ಟ ಕೈಚಪ್ಪಲಿಗಳಲ್ಲಿ ಅಂಗೈ ತೂರಿಸಿ, ಮೈಯನ್ನು ಎತ್ತೆತ್ತಿ ಮುಂದಕ್ಕೆ ಹಾಕುತ್ತ, ಈ ಓಣಿಯ ತುದಿಯಿಂದ ಆ ತುದಿಗೆ ಹೋಗಿ ಬರುತ್ತಿದ್ದಳು. ದೂರಕ್ಕೆ ಹೋಗಬೇಕಾದರೆ ಕೈಯಲ್ಲಿ ತುಳಿಯುವ ಮೂರು ಗಾಲಿಯ ಸೈಕಲ್ಲಿತ್ತು. ಅವ್ವ ನೀಲವ್ವನ ಕಟ್ಟೆಯ ಮೇಲೆ ಹೂ ಕಟ್ಟಲು ಕೂತರಂತೂ ಅವಳಿಗೂ ಉಳಿದವರಿಗೂ ಏನೂ ಫರಕಿರಲಿಲ್ಲ, ಯಾಕೆಂದರೆ ಹೂ ಕಟ್ಟುವಾಗ ಎಲ್ಲರೂ ಕೂತೇ ಇರುತ್ತಾರೆ. ಫರಕು ಗೊತ್ತಾಗುತ್ತಿದ್ದದ್ದು ಕೆಲಸ ಕೇಳಲು ಹೋದಾಗ. ಬಿ.ಕಾಂ. ಮಾಡಿದ್ದಳು, ಹೋದಲ್ಲೆಲ್ಲ ಚಹಾ ಕೊಟ್ಟು, "ಮ್ಯಾಲಿನ ಮಹಡಿ ಆಗತೈತ್ರಿ, ಮೆಟ್ಟಲಾ ಭಾಳ," ಎಂದು ಮೆಟ್ಟಿಲುಗಳನ್ನೇ ಮುಂದೆ ಮಾಡಿ ಕಳಿಸುತ್ತಿದ್ದರು. ಒಬ್ಬ ಪುಣ್ಯಾತ್ಮನ ಆಫೀಸು ನೆಲಮಹಡಿಯಲ್ಲೇ ಇತ್ತು. ಅವನೂ ಅದನ್ನೇ ಹೇಳಿದ.

ಅಂಥ ಹೊತ್ತಿಗೆ ಬಂದದ್ದು ಸಮಪಾದ. ಊರ ಹೊರಗೆ ದೊಡ್ಡದೊಂದು ಔಷಧದ ಗೋದಾಮು ಕಟ್ಟಿ, ಕಾಲಲ್ಲಿ ಬಲವಿಲ್ಲದವರಿಗೇ ಕೆಲಸ, ಉಳಿದವರು ಅರ್ಜಿ ಹಾಕುವುದೇ ಬೇಡ ಎಂದು ಸಾರಿತು. ಅಲ್ಲಿ ಕೆಲಸವೆಂದರೆ ನಡೆಯುವುದು. ಸಾಲುಸಾಲು ಕಪಾಟುಗಳ ನಡುವೆ ನಡೆದು, ಬೇಕಾದ ಔಷಧ ತೆಗೆದು, ಬುಟ್ಟಿಗೆ ಹಾಕಿ, ಮುಂದಿನ ಕಪಾಟಿಗೆ ಹೋಗುವುದು. ಕಾಲಿಲ್ಲದವರಿಗೆ ನಡೆಯುವ ಕೆಲಸ ಕೊಟ್ಟಿದ್ದಾರೆಂದು ಪೇಪರಿನವರು ಹೊಗಳಿದ್ದೇ ಹೊಗಳಿದ್ದು.

ಗುಟ್ಟು ಇದ್ದದ್ದು ನೆಲದಲ್ಲಿ. ಸೊಂಟದಿಂದ ಪಾದದವರೆಗೆ ತೊಡುವ ಹಗುರ ಚೌಕಟ್ಟಿಗೆ ಅಲ್ಲಿನವರು ಹೊರಗಾಲು ಎನ್ನುತ್ತಿದ್ದರು. ಹೊರಗಾಲಿನಲ್ಲಿ ಬ್ಯಾಟರಿ ಇಲ್ಲ, ಲೆಕ್ಕ ಹಾಕುವ ಯಂತ್ರವೂ ಇಲ್ಲ, ಅದಕ್ಕೇ ಹಗುರ. ಶಕ್ತಿಯೆಲ್ಲ ಕೆಳಗಿನ ಫರಸಿಯಿಂದ ಏರಿ ಬರುತ್ತದೆ. ಬೀಳದ ಹಾಗೆ ತೂಗಿಸುವುದೂ ಫರಸಿಯೇ. ಸೊಂಟದ ಪಟ್ಟಿ ಮೈಯ ಸಣ್ಣ ಬಿಗಿತವನ್ನು ಹಿಡಿದು ಕೆಳಗೆ ಹೇಳುತ್ತದೆ, ಫರಸಿ ಕಾಲೆತ್ತುತ್ತದೆ. ಫರಸಿಯಿಂದಾಚೆ ಅದೇ ಹೊರಗಾಲು ಎರಡು ತಗಡಿನ ಕೊಳವೆ, ಅಷ್ಟೇ.

ಅದಕ್ಕೇ ಅಂಚುಕಾವಲು ಅಂತ ಒಂದಿತ್ತು. ಕಡೆಯ ಫರಸಿಯ ಅಂಚಿಗೆ ಬಂದರೆ ಕಾಲು ತಾನೇ ನಿಲ್ಲುತ್ತದೆ, ಮುಂದಕ್ಕೆ ಏಳುವುದೇ ಇಲ್ಲ. ಏಳದಿದ್ದದ್ದೇ ಒಳ್ಳೆಯದು, ಎದ್ದಿದ್ದರೆ ಮೂಗು ಒಡೆಯುತ್ತಿತ್ತು.

ಮೊದಲ ದಿನ ನೆಟ್ಟಗೆ ನಿಂತಾಗ ದಾಕ್ಷಾಯಣಿ ಅತ್ತಳು. ಅವಳೊಬ್ಬಳೇ ಅಲ್ಲ, ಆ ತಂಡದವರೆಲ್ಲ ಅತ್ತರು, ಕಲಿಸಲು ಬಂದವನೂ ಅತ್ತ. ಅದನ್ನು ಸುಳ್ಳೆನ್ನಲಾಗದು. ವರ್ಷ ತುಂಬಿ ಕಂಪನಿ ಮೊದಲ ಫರಸಿಗಳನ್ನೂ ಮನೆಗೊಂದು ಜೊತೆ ಹೊರಗಾಲನ್ನೂ ಕೊಟ್ಟಾಗ ಅವನ್ನು ಒಲೆಯ ಮುಂದೆ ಹಾಕಿಸಿಕೊಂಡಳು. ನಿಂತು ಮೊದಲು ನೋಡಿದ್ದು ಪಾತ್ರೆ ಇಡುವ ಮೇಲಿನ ಫಳಿಯ ಧೂಳು. ಎರಡನೆಯದು, ಊಟಕ್ಕೆ ಕೂತ ಗಂಡನ ನೆತ್ತಿ.

"ರೀ, ನಿಮ್ಮ ತೆಲಿ ನಡುವ ಬೋಳಾಗಾಕತ್ತೈತಿ."

"ಇಷ್ಟ ದಿನಾ ಆರಾಮಿದ್ನೆಲ್ಲೋ ಶಿವನ," ಎಂದ ಮಲ್ಲೇಶಿ, ನೆತ್ತಿ ಸವರಿಕೊಂಡು. ಆ ದಿನ ಆ ಮನೆಯಲ್ಲಿ ನಕ್ಕಷ್ಟು ನಗು ಆಮೇಲೆ ಆಗಲಿಲ್ಲ.

ಫರಸಿ ದುಡ್ಡಿಗೆ ಸಿಗುವಂಥದ್ದಲ್ಲ, ದುಡಿದೇ ಪಡೆಯಬೇಕು. ವರ್ಷ ವರ್ಷ ಹಬ್ಬಕ್ಕೂ ಹೆಚ್ಚು ದುಡಿದ ತಿಂಗಳಿಗೂ ಬಂದದ್ದನ್ನು ಒಂದರ ಮುಂದೊಂದು ಹಾಕಿಸುತ್ತ ಹೋದಂತೆ ಹಾಸಿಗೆಯಿಂದ ಒಲೆ, ಒಲೆಯಿಂದ ಪಡಸಾಲೆ, ಪಡಸಾಲೆಯಿಂದ ಬಾಗಿಲಿನ ಕಡೆಗೆ ಒಂದು ಕಾಲುದಾರಿಯಾಯಿತು. ಅಗಲ ಒಂದೇ ಫರಸಿ. ಅಷ್ಟು ಅಗಲದಲ್ಲಿ ಹೊರಗಾಲಿಗೆ ಪೂರ್ತಿ ತಿರುಗಲಾಗದು, ತಿರುಗಬೇಕೆಂದರೆ ಪಕ್ಕದಲ್ಲಿ ಇನ್ನೊಂದು ಬೇಕು. ಹೀಗಾಗಿ ಫರಸಿ ಹಾಕಿಸಿಕೊಂಡ ಮನೆಗಳಲ್ಲೆಲ್ಲ ಜನ ಮುಂದಕ್ಕೆ ಹೋದವರು ಹಿಮ್ಮುಖವಾಗಿಯೇ ವಾಪಸು ಬರುತ್ತಿದ್ದರು. ದಾಕ್ಷಾಯಣಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಕೈಯಲ್ಲಿ ಸಾರಿನ ಪಾತ್ರೆ ಹಿಡಿದು, ಹಿಂದೆ ನೋಡದೆ, ಬೆನ್ನು ಮುಂದಾಗಿ ಒಲೆಗೆ ಹೋಗುತ್ತಿದ್ದಳು. ಮಗಳು ಪಾರಿ, ಪೂರ್ತಿ ಹೆಸರು ಪಾರಿಜಾತ, ಅದನ್ನು ನೋಡಿ ಶಾಲೆಯಲ್ಲೂ ಹಿಂದೆ ಹಿಂದೆ ನಡೆದು ಟೀಚರಿಂದ ಬೈಸಿಕೊಂಡಿತ್ತು.

ಹೊರಗಾಲು ಬಂದ ಮೇಲೆ ಹಳೆಯದಕ್ಕೆ ಮನೆಯಲ್ಲಿ ಜಾಗವೆಲ್ಲಿ? ಮೂರು ಗಾಲಿಯ ಸೈಕಲ್ಲು ಯಾರಿಗೋ ಹೋಯಿತು. ಕೈಚಪ್ಪಲಿಗಳನ್ನು ಮಲ್ಲೇಶಿಯೇ ಎಸೆದ. ಅದನ್ನು ಅವನು ಪ್ರೀತಿಯಿಂದಲೇ ಮಾಡಿದ. "ಇನ್ನ ನೀ ನೆಲಾ ಹಿಡಿಯೂದು ಬ್ಯಾಡ," ಎಂದ. ದಾಕ್ಷಾಯಣಿ ಆಗ ಬೇಡವೆನ್ನಲಿಲ್ಲ. ಅವಳಿಗೂ ಅವು ನಾಚಿಕೆ ತರಲು ಶುರುವಾಗಿತ್ತು.

ಬೆಳಗ್ಗೆ ಕಂಪನಿಯ ಬಸ್ಸು ಬರುತ್ತಿತ್ತು. ಇಬ್ಬರು ಆಳುಗಳು ಗಾಲಿಕುರ್ಚಿ ತಂದು, ಮನೆಯ ಹೊರಗಾಲು ಬಿಚ್ಚಿಸಿ, ಅವಳನ್ನು ಎತ್ತಿಕೊಂಡು ಹೋಗಿ, ಗೋದಾಮಿನ ಒಳಗೆ ಅಲ್ಲಿನ ಹೊರಗಾಲಿಗೆ ಒಪ್ಪಿಸುತ್ತಿದ್ದರು. ಸಂಜೆ ಅದೇ ಉಲ್ಟಾ. ಆಕಾಶ ನೋಡುವುದಕ್ಕೆ ಬಸ್ಸಿನ ಕಿಟಕಿ ಒಂದೇ.

ಹೊಸ್ತಿಲ ಫರಸಿ ಬಂದ ಮೇಲೆ ದಾಕ್ಷಾಯಣಿ ರಜೆಯ ದಿನ ಬಾಗಿಲಲ್ಲಿ ಬಂದು ನಿಲ್ಲತೊಡಗಿದಳು. ಎದುರಿಗೆ, ಓಣಿ ದಾಟಿದರೆ, ಅವ್ವನ ಕಟ್ಟೆ. ಸೇವಂತಿಗೆಯ ರಾಶಿ, ಸುತ್ತ ಹೆಂಗಸರು, ಊರ ಮಂದಿಯ ಸುದ್ದಿ. ಮೊದಲೆಲ್ಲ ಆ ಸುತ್ತಿನಲ್ಲಿ ಅವಳ ಜಾಗ ಅವ್ವನ ಎಡಕ್ಕಿತ್ತು.

"ಬಾರಲೇ ದಾಕ್ಷಿ, ನಿಂತಗೊಂಡ ಏನ ನೋಡತಿ?" ಎಂದಳು ನೀಲವ್ವ.

"ಹೆಂಗ ಬರ್ಲಿ ಯವ್ವಾ? ಫರಸಿ ಇಲ್ಲೇ ಮುಗದೈತಿ."

"ಫರಸಿ ಇಲ್ಲದಾಗ ದಿನಾ ಬರತಿದ್ದಿ."

ನೀಲವ್ವ ಅದನ್ನು ಕುಟುಕಲೆಂದು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದಳು, ಮತ್ತೆ ನಾರಿಗೆ ಹೂ ಕೊಟ್ಟಳು. ದಾಕ್ಷಾಯಣಿಗೆ ಮಾತ್ರ ಅದು ಎದೆಗೆ ನಾಟಿತು.

ಅಂದು ಮಧ್ಯಾಹ್ನ ಹೊರಗಾಲು ಬಿಚ್ಚಿ ಹಾಸಿಗೆಯ ಮೇಲೆ ಕೂತವಳು, ಒಲೆಯ ಮೇಲೆ ಹಾಲು ಉಕ್ಕುವ ಸದ್ದು ಕೇಳಿ ಎದ್ದು ನಿಂತಳು. ಎದ್ದು ನಿಂತಳು ಎಂದರೆ, ನಿಂತೆ ಎಂದುಕೊಂಡಳು. ಹೊರಗಾಲಿನವರೆಲ್ಲ ಒಂದಲ್ಲ ಒಂದು ದಿನ ಮಾಡುವ ತಪ್ಪು ಇದು. ಮೈ ಮರೆತುಬಿಡುತ್ತದೆ. ಮುಖ ಅಡಿಯಾಗಿ ಬಿದ್ದು, ಅಂಗೈ ಊರಿ ಏಳಲು ನೋಡಿದರೆ ತೋಳು ನಡುಗಿ ಮಡಚಿಕೊಂಡವು. ಒಂದು ಕಾಲಕ್ಕೆ ಇಡೀ ಮೈಯನ್ನು ಓಣಿಯುದ್ದ ಹೊತ್ತ ತೋಳುಗಳು, ಹುಡುಗರು ಪಂಜಾ ಕುಸ್ತಿಯಲ್ಲಿ ಸೋಲುತ್ತಿದ್ದ ತೋಳುಗಳು. ಹಾಲು ಉಕ್ಕಿ, ಒಲೆ ಆರಿ, ಸೀದ ವಾಸನೆ ಬರುತ್ತಿರುವಾಗ ಅವಳು ನೆಲದ ಮೇಲೆ ಕೆನ್ನೆಯಿಟ್ಟು ಮಲಗಿಯೇ ಇದ್ದಳು.  ಈ ಕಾಲು ಬೇಡವೆಂದು ಬಿಟ್ಟರೆ, ಹಳೆಯ ದಾಕ್ಷಾಯಣಿಯಾಗಿ ಬದುಕಲು ಈಗ ಮೈಯಲ್ಲಿ ಏನೂ ಉಳಿದಿಲ್ಲ.

ಮರುದಿನ ಗೋದಾಮಿನಲ್ಲಿ ಊಟದ ಬಿಡುವು ಸಿಕ್ಕೊಡನೆ ನಿಯಂತ್ರಣ ಕೋಣೆಗೆ ಹೋದಳು. ಅಲ್ಲಿ ಕೂರುತ್ತಿದ್ದವನು ವಿನಾಯಕ ಕಮ್ಮಾರ, ಫರಸಿಯ ಲೆಕ್ಕಾಚಾರ ನೋಡಿಕೊಳ್ಳುವ ಎಂಜಿನಿಯರು. ಅವಳಿಗಿಂತ ಚಿಕ್ಕವನು, ಒಳ್ಳೆಯ ಮನಸ್ಸಿನವನು, ಆದರೆ ಒಳ್ಳೆಯ ಮನಸ್ಸಿನಿಂದ ಏನೂ ಮಾಡಲಾಗದ ಜಾಗದಲ್ಲಿ ಕೂತವನು.

"ಬರ್ರಿ ಅಕ್ಕಾರ," ಎಂದ. ಎದುರಿನ ಗೋಡೆಯ ತುಂಬ ಒಂದೇ ಪರದೆ. ಕಪ್ಪು ಹಿನ್ನೆಲೆ, ಅದರ ಮೇಲೆ ಗೋದಾಮಿನ ಬೆಳ್ಳನೆಯ ನೆಲ, ನೆಲದ ಮೇಲೆ ಹಸಿರು ಚುಕ್ಕೆಗಳು. ಒಂದೊಂದು ಚುಕ್ಕೆ ಒಬ್ಬೊಬ್ಬ ಮನುಷ್ಯ.

"ನಮ್ಮನಿ ತೋರಸ್ರಿ ಸರ."

ಅವನು ಬೆರಳಾಡಿಸಿದ. ಹೂಗಾರ ಓಣಿ ಬಂತು. ಓಣಿ ಎಂದರೆ ಕತ್ತಲು. ಆ ಕತ್ತಲಲ್ಲಿ ಸಣ್ಣದೊಂದು ಬಿಳಿಯ ಗೀರು, ಎರಡು ಕಡೆ ತುಸು ಬಾಗಿದ್ದು. ಅದೇ ಅವಳ ಮನೆ. ಪಾರಿ ಮಲಗುವ ಮೂಲೆ ಅದರಲ್ಲಿಲ್ಲ. ಮಲ್ಲೇಶಿಯ ಟೆಂಪೋ ನಿಲ್ಲುವ ಅಂಗಳವಿಲ್ಲ. ಎದುರಿನ ಕಟ್ಟೆಯಂತೂ ಇಲ್ಲವೇ ಇಲ್ಲ. ದಾಕ್ಷಾಯಣಿ ಬಹಳ ಹೊತ್ತು ನೋಡಿದಳು.

"ಇಷ್ಟರಾಗ ಇದ್ದೇನಿ ನಾ?"

ವಿನಾಯಕ ಆ ಗೀರನ್ನು ತುಸು ದೊಡ್ಡದು ಮಾಡಿ ತೋರಿಸಿದ.

"ಅಂಚುಕಾವಲು ತೆಗೀಲಿಕ್ಕೆ ಬರತೈತೇನ್ರಿ?"

"ತೆಗದ್ರ ಬೀಳತೀರಿ. ಅದರ ಗೊಡವಿಗೆ ಹೋಗಬ್ಯಾಡ್ರಿ. ಮೂರು ಸಲ ಅಂಚಿಗೆ ಬಡದ್ರ, ಹಾಕ್ಕೊಂಡವರಿಗೆ ಆರಾಮಿಲ್ಲಂತ ಅದು ತಿಳಕೋತೈತಿ. ತಾನ ಒಯ್ದು ಹಾಸಿಗಿಗೆ ಕುಂದರಸತೈತಿ."

"ಹಂಗಾರ ಬೆನ್ನಿಗೊಂದು ಬ್ಯಾಟರಿ ಕಟ್ಟಿ, ಹೊರಗೂ ನಡ್ಯಾಂಗ ಮಾಡಾಕ ಬರೂದಿಲ್ಲೇನು?"

ವಿನಾಯಕ ಬಾಗಿಲಿನ ಕಡೆ ನೋಡಿದ. ದನಿ ತಗ್ಗಿಸಿದ. "ಬರತೈತಿ. ಮಾಡಿ ನೋಡೇವಿ. ಚಲೋ ನಡೀತು."

"ಮತ್ತ್ಯಾಕ ಕೊಡವೊಲ್ರಿ?"

"ಹೊರಗ ನಡಿಯೋ ಕಾಲು ಕೊಟ್ರ, ನೀವು ಇಲ್ಲಿಗೇ ಬರತೀರೇನ್ರಿ ಅಕ್ಕಾರ? ಎಲ್ಲೆ ಬೇಕಾದ್ರೂ ಹೋಗತೀರಿ."

ದಾಕ್ಷಾಯಣಿ ಪರದೆ ನೋಡುತ್ತಲೇ ಇದ್ದಳು. ಬಿಡುವು ಮುಗಿಯಿತು. ಗೋದಾಮಿನ ಚುಕ್ಕೆಗಳೆಲ್ಲ ಒಟ್ಟಿಗೆ ಚಲಿಸಿದವು, ಒಂದಕ್ಕೊಂದು ತಾಗದೆ, ಎಲ್ಲೂ ನಿಲ್ಲದೆ, ಮಗ್ಗದ ಲಾಳಿಗಳ ಹಾಗೆ. ಇದಕ್ಕೆ ಅಲ್ಲಿ ಕರೆ ಎನ್ನುತ್ತಿದ್ದರು. ಗೋದಾಮಿನಲ್ಲಿ ಯಾವ ಕಪಾಟಿಗೆ ಯಾವ ದಾರಿಯಲ್ಲಿ ಹೋಗಬೇಕೆಂದು ಫರಸಿಯೇ ಲೆಕ್ಕ ಹಾಕಿ ನಡೆಸುತ್ತದೆ. ನೀವು ಮೈ ಸಡಿಲ ಬಿಟ್ಟರೆ ಸಾಕು. ಇಷ್ಟು ವರ್ಷ ಅದನ್ನು ಅವಳು ಸೌಕರ್ಯವೆಂದೇ ತಿಳಿದಿದ್ದಳು.

"ನಮ್ಮನ್ನ ಯಾಕ ತಗೊಂಡಾರ ಅಂತ ಈಗ ತಿಳೀತು," ಎಂದಳು. "ಕಾಲಿದ್ದೋರನ್ನ ಹಿಂಗ ನಡಸಾಕ ಬರೂದಿಲ್ಲ."

"ಕಾಲಿದ್ದೋರು ನಡುವ ಚಹಾಕ್ಕ ಹೋಗಿಬಿಡತಾರ್ರಿ," ಎಂದ ವಿನಾಯಕ. ನಗಲು ನೋಡಿದ, ಆಗಲಿಲ್ಲ.

ಅಷ್ಟರಲ್ಲಿ ಅವಳಿಗೂ ಕರೆ ಬಂತು. ಮಾತು ಮುಗಿಯುವ ಮೊದಲೇ ಹೊರಗಾಲು ತಿರುಗಿ ಅವಳನ್ನು ಬಾಗಿಲಾಚೆ ಒಯ್ದಿತು. ಕೈಯಲ್ಲಿದ್ದ ಬುತ್ತಿಯ ಡಬ್ಬಿ ಇನ್ನೂ ಬಿಚ್ಚಿರಲಿಲ್ಲ.

ಮನೆಗೆ ಬಂದು ಗಂಡನ ಮುಂದೆ ಎಲ್ಲ ಹೇಳಿದಳು. ಮಲ್ಲೇಶಿ ಊಟ ನಿಲ್ಲಿಸಿ ಕೇಳಿದ. ಕೇಳಿ, "ಬಿಟ್ಟ ಬಿಡತಿಯೇನು?" ಎಂದ.

"ಬಿಟ್ರ ಫರಸಿ ಬಂದ್ ಮಾಡತಾರ. ಆಮ್ಯಾಲ ನಾ ಹಾಸಿಗಿ ಬಿಟ್ಟ ಇಳಿಯೂದ ಹೆಂಗ? ತೋಳಿನ್ಯಾಗ ಬಲಾ ಇಲ್ಲ."

"ನಾ ಎತ್ತಿಕೊಂಡ ಅಡ್ಡಾಡತೇನಿ."

"ಎಷ್ಟ ದಿನಾ?" ಎಂದಳು. ಅವನನ್ನು ಚುಚ್ಚಲಿಕ್ಕಲ್ಲ, ನಿಜಕ್ಕೂ ತಿಳಿಯಬೇಕಿತ್ತು. ಮಲ್ಲೇಶಿ ತಾಟಿನಲ್ಲಿದ್ದ ಅನ್ನವನ್ನು ಕಲಸುತ್ತ ಕೂತ. ಪಾರಿಯ ಶಾಲೆ, ಮನೆ ಬಾಡಿಗೆ ಎಲ್ಲ ಅವಳ ಸಂಬಳದ ಮೇಲೇ ನಿಂತಿತ್ತು, ಅವನ ಟೆಂಪೋ ಒಂದು ದಿನ ಓಡಿದರೆ ಎರಡು ದಿನ ಕೂರುತ್ತಿತ್ತು. ಬಿಟ್ಟುಬಿಡು ಎನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ.

ಮುಂದಿನ ರಜೆಯ ದಿನ ಗುರುವಾರ. ಶುಕ್ರವಾರದ ಮಾಲೆಗಳಿಗಾಗಿ ಓಣಿಯ ಹೆಂಗಸರೆಲ್ಲ ಬುಟ್ಟಿ ಹೊತ್ತು ಪೇಟೆಗೆ ಹೋಗಿದ್ದರು, ನೀಲವ್ವನೂ ಹೋಗಿದ್ದಳು. ಮಲ್ಲೇಶಿ ಬಾಡಿಗೆಯ ಮೇಲೆ ಧಾರವಾಡಕ್ಕೆ ಹೋಗಿದ್ದ. ಶಾಲೆ ಬಿಟ್ಟು ಬಂದ ಪಾರಿ ಯಾರದೋ ದೊಡ್ಡ ಸೈಕಲ್ಲು ಎಳೆದು ತಂದು, ಸೀಟಿಗೆ ಎಟುಕದೆ, ಅಡ್ಡ ಕಾಲು ಹಾಕಿ ಓಣಿಯಲ್ಲಿ ತುಳಿಯುತ್ತಿತ್ತು. ದಾಕ್ಷಾಯಣಿ ಒಲೆಯ ಮುಂದೆ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು.

ಸೈಕಲ್ಲು ಬಿದ್ದ ಸದ್ದು ಕೇಳಿತು. ಅದರ ಹಿಂದೆಯೇ, "ಯವ್ವಾ."

ಹೊಸ್ತಿಲಿಗೆ ಬರುವುದಕ್ಕೆ ಅವಳಿಗೆ ಹೊತ್ತು ಹಿಡಿಯಲಿಲ್ಲ. ಹೊರಗಾಲು ಚೆನ್ನಾಗಿಯೇ ನಡೆಯಿತು. ಬಾಗಿಲಿನಿಂದ ಕಂಡದ್ದು ಇಷ್ಟು: ಓಣಿಯ ನಡುವೆ ಸೈಕಲ್ಲು ಅಡ್ಡ ಬಿದ್ದಿದೆ, ಪಾರಿ ಅದರಡಿ ಇದೆ, ಮಗುವಿನ ಹಿಮ್ಮಡಿ ಗಾಲಿಯ ಕಡ್ಡಿಗಳ ನಡುವೆ ಸಿಕ್ಕಿಕೊಂಡಿದೆ, ಬಿಳಿ ಸಾಕ್ಸು ಕೆಂಪಾಗುತ್ತಿದೆ. ಮಗು ಕಾಲು ಜಗ್ಗಿದಷ್ಟೂ ಕಡ್ಡಿ ಒಳಗೆ ಹೋಗುತ್ತಿತ್ತು.

"ಜಗ್ಗಬ್ಯಾಡ ಪಾರಿ. ಜಗ್ಗಬ್ಯಾಡ, ಬಂದ್ನಿ."

ಹೆಜ್ಜೆ ಎತ್ತಿದಳು. ಕಾಲು ಏಳಲಿಲ್ಲ. ಸೊಂಟವನ್ನು ಬಿಗಿದು ಮತ್ತೆ ಮುಂದಕ್ಕೆ ನೂಕಿದಳು. ಕಾಲು ಕಂಬದ ಹಾಗೆ ನಿಂತಿತ್ತು. ಓಣಿಯ ಎರಡೂ ಕಡೆ ನೋಡಿ ಯಾರಾದರೂ ಬರ್ರಿ ಎಂದು ಕೂಗಿದಳು. ಯಾವ ಬಾಗಿಲೂ ತೆರೆಯಲಿಲ್ಲ. ಮಗಳು ಅಲ್ಲಿ, ಸೇವಂತಿಗೆಯ ಒಂದು ಮಾಲೆ ಚಾಚಿದರೆ ಮುಟ್ಟುವಷ್ಟು ಹತ್ತಿರ. ಮೂರನೆಯ ಸಲ ಇಡೀ ಮೈಯನ್ನೇ ಬಾಗಿಲ ಹೊರಗೆ ಎಸೆದಳು.

ಆಗ ವಿನಾಯಕ ಹೇಳಿದ್ದು ನೆನಪಾಯಿತು. ನೆನಪಾದದ್ದು ಒಂದು ಚಣ ತಡವಾಯಿತು.

ಸೊಂಟದ ಪಟ್ಟಿ ಮೆಲ್ಲಗೆ ನಡುಗಿ, ಹೊರಗಾಲು ಅವಳನ್ನು ನೆಟ್ಟಗೆ ಮಾಡಿತು. ಎಷ್ಟು ಮಮತೆಯಿಂದ ಮಾಡಿತೆಂದರೆ ಅವ್ವ ಕೂಡ ಅಷ್ಟು ಮೆತ್ತಗೆ ಎತ್ತಿರಲಿಲ್ಲ. ಆಮೇಲೆ ಹಿಂದಕ್ಕೆ ನಡೆಯತೊಡಗಿತು. ತಿರುವಿರಲಿಲ್ಲವಲ್ಲ. ಮುಖ ಬಾಗಿಲಿನ ಕಡೆಗೇ ಇತ್ತು. ಬಾಗಿಲ ಚೌಕಟ್ಟಿನ ನಡುವೆ ಪಾರಿ, ಅದರ ಚಾಚಿದ ಕೈ, ಅದು ನೋಡುತ್ತಿರುವಂತೆಯೇ ಅದರ ಅವ್ವ ಹಿಂದೆ ಹಿಂದೆ ಹೋಗುತ್ತಿದ್ದಾಳೆ.

"ಯವ್ವಾ, ಎಲ್ಲಿ ಹೊಂಟಿ?" ಎಂದಿತು ಮಗು.

ಆ ಮಾತು ಕೇಳಿದ ಮೇಲೆ ದಾಕ್ಷಾಯಣಿಗೆ ಏನೂ ತೋಚಲಿಲ್ಲ ಎಂದರೆ ಸುಳ್ಳಾದೀತು. ತೋಚಿದ್ದು ಒಂದೇ. ನಿಂತಾಗ ಪಟ್ಟಿ ಬಿಚ್ಚಬಾರದು ಎಂಬುದು ಸಮಪಾದದಲ್ಲಿ ಕಲಿಸುವ ಮೊದಲ ಪಾಠ. ಅವಳು ಸೊಂಟದ ಪಟ್ಟಿ ಬಿಚ್ಚಿದಳು. ತೊಡೆಯ ಪಟ್ಟಿಗಳನ್ನು ಕಿತ್ತಳು. ಪಡಸಾಲೆಯ ನಡುವೆ ಮೈ ಫರಸಿಯಿಂದಾಚೆ ಧೊಪ್ಪನೆ ಬಿತ್ತು, ಮೊಣಕೈ ಮೊದಲು, ಆಮೇಲೆ ಗದ್ದ.

ಹೊರಗಾಲು ನಿಲ್ಲಲಿಲ್ಲ. ಖಾಲಿ ಚೌಕಟ್ಟು ತನ್ನ ಪಾಡಿಗೆ ತಾನು ಹಿಂದಕ್ಕೆ ನಡೆದು, ಒಲೆ ದಾಟಿ, ಹಾಸಿಗೆಯ ಹತ್ತಿರ ಹೋಗಿ, ಮೊಣಕಾಲು ಮಡಚಿ ಕೂತಿತು.

ದಾಕ್ಷಾಯಣಿ ತೆವಳಿದಳು. ತೋಳು ನಡುಗಿದವು, ಮಡಚಿದವು. ಮತ್ತೆ ಊರಿದಳು. ಹೊಸ್ತಿಲಿಗೆ ಬಂದಾಗ ಅಂಗೈ ಸುಲಿದಿತ್ತು. ಬಾಗಿಲ ಹೊರಗೆ ಮಲ್ಲೇಶಿಯ ಹಳೆಯ ಚಪ್ಪಲಿಗಳಿದ್ದವು, ಹಿಮ್ಮಡಿ ಸವೆದವು. ಅವುಗಳಲ್ಲಿ ಕೈ ತೂರಿಸಿದಳು. ಕೈಗೆ ಹಳೆಯದೆಲ್ಲ ಒಮ್ಮೆಲೇ ನೆನಪಾಯಿತು. ಬಲ ಬರಲಿಲ್ಲ, ರೀತಿ ಮಾತ್ರ ಬಂತು: ಊರು, ಎತ್ತು, ಮುಂದಕ್ಕೆ ಹಾಕು. ಎರಡು ಸಲ ಮುಗ್ಗರಿಸಿ, ಸೀರೆಯ ತುಂಬ ಧೂಳಾಗಿ, ಸೈಕಲ್ಲು ಮುಟ್ಟಿದಳು. ಗಾಲಿಯನ್ನು ಹಿಂದಕ್ಕೆ ತಿರುಗಿಸಿ, ಕಡ್ಡಿ ಬಗ್ಗಿಸಿ, ಹಿಮ್ಮಡಿ ಬಿಡಿಸಿದಳು. ಗಾಯ ಆಳವಿತ್ತು, ಎಲುಬಿಗೇನೂ ಆಗಿರಲಿಲ್ಲ. ಸೆರಗು ಹರಿದು ಕಟ್ಟಿದಳು. ಆಮೇಲೆ ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು, ಓಣಿಯ ನಟ್ಟನಡುವೆ ಕೂತು, ಗೊಳೋ ಎಂದು ಅತ್ತಳು. ಪಾರಿಯೇ ಅವಳ ಕಣ್ಣೊರೆಸಿತು.

ಪೇಟೆಯಿಂದ ಬಂದ ನೀಲವ್ವ ಇಬ್ಬರನ್ನೂ ನೋಡಿದಳು. ಬುಟ್ಟಿ ಇಳಿಸಿದಳು. ಮೊಮ್ಮಗಳ ಕಾಲು ನೋಡಿದಳು, ಮಗಳ ಗದ್ದ ನೋಡಿದಳು, ಕಡೆಗೆ ಮಗಳ ಕೈ ನೋಡಿದಳು.

"ಅಳಿಯಂದ್ರ ಚಪ್ಪಲಿ ಏನದು?"

"ಹೂಂ."

"ದೊಡ್ಡವಾಗತಾವ ನಿನಗ," ಎಂದಳು ನೀಲವ್ವ. "ಫಕೀರಪ್ಪಗ ಹೇಳತೇನಿ, ಅಳತಿ ಅವನ ಕಡೆ ಇರತೈತಿ."

ಎರಡು ದಿನ ಬಿಟ್ಟು ಕಂಪನಿಯ ಮೇಘನಾ ಮೇಡಂ ಬಂದರು, ಜೊತೆಗೆ ವಿನಾಯಕ, ಜೊತೆಗೊಂದು ಕ್ಯಾಮೆರಾ. ಮೇಡಂ ಒಳ್ಳೆಯ ಮಾತಿನವರು. ಪಾರಿಗೆ ಚಾಕಲೇಟು ಕೊಟ್ಟರು, ಗಾಯ ಕೇಳಿದರು.

"ನಿಮ್ಮ ಕೇಸು ಕೇಳಿ ನಮಗೆಲ್ಲ ತುಂಬಾ ಬೇಜಾರಾಯ್ತು ದಾಕ್ಷಾಯಣಿಯವರೇ. ಅದಕ್ಕೇ ವಿಶೇಷವಾಗಿ ಮಂಜೂರು ಮಾಡಿಸಿದ್ದೀನಿ. ಹೊಸ್ತಿಲಿಂದ ಎದುರಿನ ನಿಮ್ಮ ತಾಯಿ ಮನೆ ಕಟ್ಟೆವರೆಗೂ ಫರಸಿ. ತಿರುಗೋಕೂ ಜಾಗ ಇರುತ್ತೆ. ಊರಲ್ಲೇ ಮೊದಲು. ನೀವು ನಡ್ಕೊಂಡು ಹೋಗಿ ಅಮ್ಮನ ಪಕ್ಕ ನಿಂತ್ಕೊಂಡಿರೋದು, ಅದೊಂದು ವಿಡಿಯೋ ಮಾಡ್ಕೋತೀವಿ."

ಮಲ್ಲೇಶಿಯ ಮುಖ ಅರಳಿತು. ಪಾರಿ ಚಪ್ಪಾಳೆ ತಟ್ಟಿತು. ದಾಕ್ಷಾಯಣಿಗೂ ಆಸೆಯಾಯಿತು, ಆಗಲಿಲ್ಲ ಎಂದೇಕೆ ಹೇಳಬೇಕು? ಎಷ್ಟು ದಿನದಿಂದ ಕೇಳಿದ್ದು ಅದನ್ನೇ ಅಲ್ಲವೇ. ಕಟ್ಟೆಯ ಕಡೆ ನೋಡಿದಳು. ಹೆಂಗಸರು ಕೂತಿದ್ದರು. ಅವರ ನಡುವೆ ತಾನೊಬ್ಬಳೇ ಕಂಬದ ಹಾಗೆ ನಿಂತಿರುವುದನ್ನು ನೆನೆದಳು.

"ಆ ಫರಸಿಗೂ ಅಂಚು ಇರತೈತೇನ್ರಿ ಮೇಡಂ?"

"ಇರಲೇಬೇಕಲ್ವಾ, ಸುರಕ್ಷತೆಗೆ."

"ನಾಳೆ ನನ್ನ ಮಗಳು ಅದರಾಚೆ ಬಿದ್ರ?"

ಮೇಡಂ ವಿನಾಯಕನ ಮುಖ ನೋಡಿದರು. ವಿನಾಯಕ ನೆಲ ನೋಡಿದ.

"ಬ್ಯಾಡ್ರಿ," ಎಂದಳು ದಾಕ್ಷಾಯಣಿ. "ಕೆಲಸಕ್ಕ ಬರತೇನಿ. ಬರದ ಬ್ಯಾರೆ ಗತಿ ಇಲ್ಲ ನನಗ. ಫರಸಿ ಮಾತ್ರ ಇಲ್ಲಿಗೇ ಸಾಕು."

ಅವರು ಹೋದ ಮೇಲೆ ಮಲ್ಲೇಶಿ ಮುನಿಸಿಕೊಂಡ. ದೊಡ್ಡ ಮಾತು ತಳ್ಳಿಹಾಕಿದಳೆಂದು ಒಂದು ಹೊತ್ತು ಊಟ ಬಿಟ್ಟ. ಸಂಜೆ ಫಕೀರಪ್ಪ ಬಂದು ಟೈರಿನ ಹೊಸ ಕೈಚಪ್ಪಲಿಗಳನ್ನು ಹೊಸ್ತಿಲ ಮೇಲಿಟ್ಟಾಗ, ಅವುಗಳನ್ನು ಎತ್ತಿ ತಿರುಗಿಸಿ ನೋಡಿದವನು ಅವನೇ. "ಒಳಗ ಸ್ಪಂಜ್ ಹಾಕಬೇಕಾಗಿತ್ತು," ಎಂದು ಗೊಣಗಿ, ಟೆಂಪೋದ ಸೀಟಿನಿಂದ ಒಂದು ತುಂಡು ಕತ್ತರಿಸಿ ತಂದ.

ಗೋದಾಮು ಹಾಗೆಯೇ ಇತ್ತು. ಬೆಳಗ್ಗೆ ಬಸ್ಸು, ಆಳುಗಳು, ಕುರ್ಚಿ. ಒಳಗೆ ಕರೆ ಬಂದ ಕಡೆ ಕಾಲು ನಡೆಯುತ್ತಿತ್ತು, ಅವಳು ಹೋಗುತ್ತಿದ್ದಳು. ಆದರೆ ಬುಟ್ಟಿ ಎತ್ತುವಾಗ ಈಗ ಬೇಕೆಂದೇ ಎರಡು ಸಲ ಎತ್ತಿ ಇಳಿಸುತ್ತಿದ್ದಳು, ತೋಳಿಗಾಗಿ. ಸಂಜೆ ಮನೆಗೆ ಬಂದು ಅಡುಗೆ ಮಾಡುವ ತನಕ ಹೊರಗಾಲು ತೊಡುವಳು, ಅದೂ ನಿಜ. ನಿಂತು ರೊಟ್ಟಿ ಬಡಿಯುವ ಸುಖ ಅವಳು ಬಿಡಲಿಲ್ಲ. ರೊಟ್ಟಿ ಮುಗಿದ ಮೇಲೆ ಹೊಸ್ತಿಲಿಗೆ ಬಂದು ಕೂತು, ಪಟ್ಟಿ ಬಿಚ್ಚುವಳು; ಖಾಲಿ ಹೊರಗಾಲು ತಾನೇ ನೆಟ್ಟಗಾಗಿ ನಿಲ್ಲುವುದು. ಮೊದಲ ದಿನ ಹೊಸ್ತಿಲಿಳಿದಷ್ಟಕ್ಕೇ ತೋಳು ಸೋತವು. ಇನ್ನೊಂದು ದಿನ ಓಣಿಯ ನಡುವಿನವರೆಗೆ ಹೋಗಿ, ಮಲ್ಲೇಶಿ ಎತ್ತಿಕೊಂಡು ಬಂದ. ಪಕ್ಕದಲ್ಲಿ ಪಾರಿ, ಕಾಲಿಗೆ ಪಟ್ಟಿ ಸುತ್ತಿಕೊಂಡು, ಕುಂಟುತ್ತ ಬರುತ್ತಿತ್ತು.

ಶ್ರಾವಣದ ಒಂದು ಸಂಜೆ ಅವಳ ಫೋನು ಸದ್ದು ಮಾಡಿತು. ವಿನಾಯಕ ನಿಯಂತ್ರಣ ಕೋಣೆಯಿಂದ ಮಾತಾಡುತ್ತಿದ್ದ, ದನಿಯಲ್ಲಿ ಗಾಬರಿಯಿತ್ತು.

"ಅಕ್ಕಾರ, ಎಲ್ಲಿದ್ದೀರಿ? ನಿಮ್ಮ ಚುಕ್ಕಿ ಆವಾಗಿನಿಂದ ಅಲುಗಾಡವಲ್ತು. ಹೊಸ್ತಿಲ ಮ್ಯಾಲ ನಿಂತಬಿಟ್ಟೈತಿ. ಆರಾಮ ಅದೀರಿಲ್ಲೋ?"

ದಾಕ್ಷಾಯಣಿ ತಲೆಯೆತ್ತಿ ನೋಡಿದಳು. ಓಣಿಯಾಚೆ ಅವಳ ಮನೆಯ ಬಾಗಿಲು ತೆರೆದಿತ್ತು. ಹೊಸ್ತಿಲ ಒಳಗೆ ಹೊರಗಾಲು ಜೋಡಿಯಾಗಿ ನಿಂತಿತ್ತು, ಯಾರೋ ಬಿಟ್ಟುಹೋದ ಚಪ್ಪಲಿಗಳ ಹಾಗೆ. ಇಲ್ಲಿ ಕಟ್ಟೆಯ ಮೇಲೆ ಅವಳ ಪಕ್ಕದಲ್ಲಿ ಟೈರಿನ ಕೈಚಪ್ಪಲಿಗಳು ಧೂಳು ಮೆತ್ತಿಕೊಂಡು ಬಿದ್ದಿದ್ದವು. ತೋಳು ಇನ್ನೂ ನಡುಗುತ್ತಿತ್ತು. ಅವ್ವ ಸೇವಂತಿಗೆಯ ರಾಶಿಯನ್ನು ಎಡಕ್ಕೆ ಸರಿಸಿ, ನಾರಿನ ಒಂದು ತುದಿಯನ್ನು ಮಗಳ ಕಡೆ ಚಾಚಿದಳು.

"ಕಾಲು ಅಲ್ಲೇ ನಿಂತಿರಲಿ ಬಿಡ್ರಿ ಸರ," ಎಂದಳು ದಾಕ್ಷಾಯಣಿ, ನಾರು ಹಿಡಿದುಕೊಳ್ಳುತ್ತ. "ನಾ ಹೊರಗ ಬಂದೇನಿ."